ತೋಳಿನ ಚೀಟಿ

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು ಎನ್ನುತ್ತಾರೆ. ಮದುವೆಯ ದಿನ ಒಡಪು ಹಾಕಿ ಒಂದೇ ಸಲ ಹೇಳಿದ್ದೆ. ಆಮೇಲೆ ಇಪ್ಪತ್ತೊಂದು ವರ್ಷ ಹೇಳಲಿಲ್ಲ. ಈಗ ಹೇಳುತ್ತೇನೆ. ಬೀರಲಿಂಗಪ್ಪ.

ಗುಡಗೇರಿಯ ಅಡತಿ ಅಂಗಡಿಗಳಲ್ಲಿ ಕಾಳಿನ ಚೀಲ ಹೊಲಿಯುತ್ತಿದ್ದ ಹಮಾಲ. ಕೆಮ್ಮು, ಜ್ವರ ಎಂದು ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿ ಸೂಜಿ ಮಾಡಿ ಕೊಂದರು. ಆ ಸೂಜಿ ಈ ಮನುಷ್ಯನಿಗೆ ಮಾಡಬೇಡಿ ಎಂದು ಇನ್ನೊಬ್ಬ ಡಾಕ್ಟರು ಬರೆದುಕೊಟ್ಟ ಚೀಟಿ ಆಗ ಅವರ ತೋಳಿನಲ್ಲೇ ಇತ್ತು.

ಊರ ಮಂದಿ ಬೇರೆ ಹೇಳುತ್ತಾರೆ. ಹಣೆಬರಹ ಎನ್ನುತ್ತಾರೆ. ಆಯುಷ್ಯ ತೀರಿತ್ತು ಎನ್ನುತ್ತಾರೆ. ಅವರ ಅಕ್ಕ ಫಕೀರವ್ವ ನನ್ನ ಕಾಲ್ಗುಣ ಎನ್ನುತ್ತಾಳೆ. ಇಪ್ಪತ್ತೊಂದು ವರ್ಷ ಆದಮೇಲೆ ಆಕೆಗೆ ನನ್ನ ಕಾಲ್ಗುಣ ನೆನಪಾಯಿತು. ಅದಕ್ಕೇ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮವರ ಮೂಲ ಊರು ಶಲವಡಿ. ಕುರಿ ಮಂದೆಯವರು. ಇವರು ಹದಿನಾರರವರಿದ್ದಾಗ ಕುರಿಗಳಿಗೆ ಬಾಯಿಬೇನೆ ಬಂದು ಹಟ್ಟಿ ಖಾಲಿ ಆಯಿತು. ಇವರು ಕಂಬಳಿ ಹೆಗಲಿಗೆ ಹಾಕಿಕೊಂಡು ಗುಡಗೇರಿಗೆ ಬಂದರು. ಮೊದಲು ಚೀಲ ಹೊತ್ತರು. ಆಮೇಲೆ ದಬ್ಬಣ ಹಿಡಿದರು. ಹೊರುವವರು ಬಹಳ ಮಂದಿ ಇದ್ದರು. ಹೊಲಿಯುವವರು ಕಡಿಮೆ.

ಚೀಲ ಹೊಲಿಯುವುದೇನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ತುಂಬಿದ ಚೀಲದ ಬಾಯಿ ಮಡಚಿ, ಎರಡು ಮೂಲೆಗೆ ಎರಡು ಕಿವಿ ಎಳೆದು, ಸುತಳಿ ಬಿಗಿದು, ಹತ್ತು ಹೊಲಿಗೆಗೆ ಮುಗಿಸಬೇಕು. ಕಿವಿ ಸಡಿಲಾದರೆ ಹೊರುವವನ ಕೈಜಾರುತ್ತದೆ. ಹೊಲಿಗೆ ಸಡಿಲಾದರೆ ರೈಲಿನ ಡಬ್ಬಿಯಲ್ಲಿ ಕಾಳು ಸುರಿಯುತ್ತದೆ. ನಮ್ಮವರ ಚೀಲ ಒಂದೂ ಸುರಿಯಲಿಲ್ಲ. ಬೇರೆಯವರು ಹೊಲಿದ ಚೀಲವನ್ನು ದಾರ ಕತ್ತರಿಸಿ ಬಿಚ್ಚುತ್ತಿದ್ದರು. ಇವರದು ಕತ್ತರಿಗೂ ಸಿಗುತ್ತಿರಲಿಲ್ಲ.

"ನನ್ನ ಹೊಲಿಗಿ ಬಿಚ್ಚಬೇಕಂದ್ರ ನನ್ನನ್ನ ಕರೀಬೇಕು," ಎನ್ನುತ್ತಿದ್ದರು.

"ನೀ ಸತ್ತ ಮ್ಯಾಲ?" ಎಂದು ಅವರ ಜೊತೆಗಾರ ಅಬ್ದುಲಮಜೀದ ಕೇಳುತ್ತಿದ್ದ.

"ಜೋಳಾ ಚೀಲದಾಗ ಮೊಳಕಿ ಒಡೀತಾವ, ನೋಡ್ಕೋತ ಕುಂದರು."

ಒಳ್ಳೆಯವರು ಎಂದು ಹೇಳುವುದಿಲ್ಲ. ಸತ್ತವರನ್ನೆಲ್ಲ ಒಳ್ಳೆಯವರು ಎನ್ನುವ ಚಾಳಿ ನನಗಿಲ್ಲ. ಎರಡು ಸಲ ನನಗೆ ಹೊಡೆದಿದ್ದಾರೆ. ಹಟಮಾರಿ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಲೋಟ ಹೊರಗೆ ಚೆಲ್ಲುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಇನ್ನೊಂದು ಮಾಡಿಕೋ ಎಂದು ಫಕೀರವ್ವ ಹತ್ತು ವರ್ಷ ಅವರ ಕಿವಿ ತಿಂದಳು. "ಇದೊಂದನ್ನ ತಾಳಿಕೊಳ್ಳಾಕ ಆಗವಲ್ದು, ಎರಡ ಕಟಗೊಂಡು ಏನ್ ಮಾಡ್ಲಿ," ಎಂದರು. ಅದು ನನ್ನನ್ನು ಬೈದದ್ದೋ ಉಳಿಸಿದ್ದೋ, ನನಗೆ ಗೊತ್ತಿತ್ತು. ನನ್ನನ್ನು ಯಮನೂರಿನ ದರಗಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕೊಟ್ಟ ತಾಯತವನ್ನು ಅವರೇ ಕಟ್ಟಿಕೊಂಡರು. ಕಟ್ಟಿಕೊಳ್ಳಬೇಕಾದವಳು ನಾನು. "ನಿನಗ್ಯಾಕ? ತಪ್ಪು ನಿಂದ ಅಂತ ಯಾರ ಹೇಳ್ಯಾರ?" ಎಂದರು. ಅಷ್ಟು ಮಾತು ನನಗೆ ಸಾಕು.

ಎಂಬತ್ತೊಂದನೆಯ ಇಸವಿ. ಕಡಲೆ ಬಂದ ಕಾಲ. ಚೀಲ ಹೊಲಿಯುತ್ತಿದ್ದಾಗ ದಬ್ಬಣ ಜಾರಿ ಪಾದದಲ್ಲಿ ಹೊಕ್ಕಿತು. ಅರಿಸಿನ ಮೆತ್ತಿದೆ. ಮೂರನೆಯ ದಿನಕ್ಕೆ ಪಾದ ಬಾತು ಕೀವು ಕಟ್ಟಿತು. ಆಗ ಸರಕಾರಿ ಸಣ್ಣ ದವಾಖಾನೆಗೆ ಹೊಸದಾಗಿ ಒಬ್ಬ ಡಾಕ್ಟರಬಾಯಿ ಬಂದಿದ್ದರು. ದಕ್ಷಿಣದ ಕಡೆಯವರು. ಸಣ್ಣ ವಯಸ್ಸು. ಅಲ್ಲಿಗೆ ಹೋದೆವು.

ಆ ಬಾಯಿ ಸೂಜಿಯನ್ನು ನೇರವಾಗಿ ಚುಚ್ಚಲಿಲ್ಲ. ಮುಂಗೈಯ ಚರ್ಮದ ಕೆಳಗೆ ಒಂದು ಹನಿ ಬಿಟ್ಟರು. "ಸ್ವಲ್ಪ ಕೂತ್ಕೊಳಪ್ಪ, ನೋಡೋಣ," ಎಂದರು. ನಾನು ಮನಸ್ಸಿನಲ್ಲೇ ನಕ್ಕೆ. ಒಂದು ಹನಿಯಿಂದ ಏನಾಗುತ್ತದೆ, ಔಷಧ ಉಳಿಸುತ್ತಾಳೆ ಎಂದುಕೊಂಡೆ. ನಗು ಮುಗಿಯುವುದರೊಳಗೆ ಕೈಗೆ ದದ್ದು ಎದ್ದಿತು. ತುಟಿ ಬಾತಿತು. ಕಣ್ಣು ಮುಚ್ಚಿಹೋದವು. ಎದೆ ಸೀಟಿ ಊದಿತು. ಡಾಕ್ಟರಬಾಯಿ ಓಡಿ ಬಂದು ಬೇರೆ ಎರಡು ಸೂಜಿ ಮಾಡಿದರು. ಎರಡು ತಾಸು ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತರು. ಊಟಕ್ಕೂ ಹೋಗಲಿಲ್ಲ.

ಆಮೇಲೆ ಒಂದು ಚೀಟಿ ಬರೆದರು. ಇಂಗ್ಲಿಷಿನಲ್ಲಿ. ಶಿಕ್ಕಾ ಒತ್ತಿದರು.

"ನೋಡಪ್ಪ, ಈ ಔಷಧ ನಿನಗೆ ಆಗೋದಿಲ್ಲ. ಈ ಚೀಟಿ ಯಾವಾಗಲೂ ನಿನ್ನ ಮೈಮೇಲೇ ಇರಬೇಕು. ಇದು ನಿನ್ನ ಜೀವ ಉಳಿಸುತ್ತೆ."

ಇನ್ನೂ ಏನೋ ಹೇಳಿದರು. ಔಷಧದ ಹೆಸರನ್ನೂ ಹೇಳಿದರು. ಉದ್ದ ಹೆಸರು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ಮನೆ ಮುಟ್ಟುವಾಗ ಹೆಸರು ಮರೆತಿತ್ತು. ಚೀಟಿಯಲ್ಲಿ ಇದೆಯಲ್ಲ ಎಂದುಕೊಂಡೆವು.

ಮೈಮೇಲೆ ಇರಬೇಕು ಎಂದರೆ ಎಲ್ಲಿ ಇಡುವುದು. ಹಮಾಲನ ಮೈಮೇಲೆ ಏನಿರುತ್ತದೆ. ಮೊಳಕಾಲವರೆಗೆ ಧೋತರ, ತಲೆಗೊಂದು ವಸ್ತ್ರ. ಮೊದಲ ದಿನ ತಲೆಯ ವಸ್ತ್ರದಲ್ಲಿ ಸಿಕ್ಕಿಸಿಕೊಂಡು ಹೋದರು. ಸಂಜೆಗೆ ಬೆವರಿಗೆ ಚೀಟಿ ಒದ್ದೆ. ಅಕ್ಷರ ಹರಡುವುದರಲ್ಲಿತ್ತು. ಹಂಚಿನ ಮೇಲೆ ಹಿಡಿದು ಒಣಗಿಸಿದೆ.

"ತಾ ಇಲ್ಲೆ," ಎಂದರು. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹರಿದು ಚೀಟಿಯನ್ನು ಸುತ್ತಿದರು. ಅದರ ಮೇಲೆ ತೊಗಲು ಸುತ್ತಿದರು. ಸಣ್ಣ ದಬ್ಬಣ ತೆಗೆದುಕೊಂಡು, ದಾರಕ್ಕೆ ಮೇಣ ಹಚ್ಚಿ, ನಾಲ್ಕೂ ಕಡೆ ಹೊಲಿದರು. ಕಾಳಿನ ಚೀಲಕ್ಕೂ ಅಷ್ಟು ಹೊತ್ತು ಹಾಕಿದವರಲ್ಲ. ಬಲತೋಳಿಗೆ ಕರಿದಾರದಲ್ಲಿ ಕಟ್ಟಿಕೊಂಡರು. ಯಮನೂರಿನ ತಾಯತದ ಬಾಜೂಕೆ.

"ಒಂದು ದೇವರದು, ಒಂದು ಡಾಕ್ಟರಬಾಯಿದು," ಎಂದರು. "ಇನ್ನ ಯಾವ ಸೂಳಿಮಗ ಏನ್ ಮಾಡ್ತಾನ."

ಡಾಕ್ಟರಬಾಯಿಗೆ ವರ್ಷದೊಳಗೆ ವರ್ಗವಾಯಿತು. ಆ ಜಾಗಕ್ಕೆ ಬಂದವನು ವಾರಕ್ಕೆರಡು ದಿನ ಬರುತ್ತಿದ್ದ. ಅದೂ ಸುಳ್ಳು.

ಎಂಬತ್ತಮೂರರಲ್ಲಿ ಇನ್ನೊಂದು ಆಯಿತು. ಅಂಗಡಿಯ ತಗಡು ಬಡಿದು ಇವರ ಅಂಗೈ ಹರಿಯಿತು. ಅಬ್ದುಲಮಜೀದ ಕೈಹಿಡಿದು ಬಜಾರದ ಸೂಜಿ ಡಾಕ್ಟರನ ಹತ್ತಿರ ಎಳೆದುಕೊಂಡು ಹೋದ. ಅವನು ಡಾಕ್ಟರನೋ ಅಲ್ಲವೋ, ಸೂಜಿಯಂತೂ ಇತ್ತು. ಧನುರ್ವಾಯು ಆಗಬಾರದು ಎಂದು ಒಂದು ಸೂಜಿ ಮಾಡಿದ. ಕೈಗೆ ದದ್ದು ಏಳಲಿಲ್ಲ. ತುಟಿ ಬಾತುಕೊಳ್ಳಲಿಲ್ಲ. ಎರಡು ದಿನಕ್ಕೆ ಗಾಯ ಒಣಗಿತು.

ಚೀಟಿ ಕೆಲಸ ಮಾಡಿತು ಎಂದುಕೊಂಡೆವು.

ಇದನ್ನು ಓದಿ ನಗುವವರು ನಗಲಿ. ಆ ಔಷಧ ಬೇರೆ, ಈ ಔಷಧ ಬೇರೆ ಎಂದು ನಮಗೆ ಯಾರು ಹೇಳಿದ್ದರು. ನಮಗೆ ಸೂಜಿ ಎಂದರೆ ಸೂಜಿ. ಚೀಟಿ ಇಲ್ಲದಾಗ ಒಂದು ಹನಿಗೆ ಸಾಯುವ ಹಾಗಾಗಿತ್ತು. ಚೀಟಿ ಕಟ್ಟಿದ ಮೇಲೆ ಪೂರ್ತಿ ಸೂಜಿಗೂ ಏನೂ ಆಗಲಿಲ್ಲ. ಎರಡು ಸಲ ಕಣ್ಣಿಂದ ನೋಡಿದ್ದೆವು. ಇದಕ್ಕಿಂತ ಸಾಕ್ಷಿ ಏನು ಬೇಕು.

ಬಜಾರದಲ್ಲಿ ಸುದ್ದಿ ಹಬ್ಬಿತು. ಅಬ್ದುಲಮಜೀದನ ಹೆಂಡತಿ ರಹೀಮಾಬಿ ನಮ್ಮ ಮನೆಗೆ ಬಂದಳು.

"ಮೈಲಾರಕ್ಕಾ, ಆ ಚೀಟಿ ಒಂದೀಟು ಬಿಚ್ಚಿ ಕೊಡು. ಸಾಲಿ ಮಾಸ್ತರ ಕಡೆ ಹಂಗ ಬರಸಿಕೊಂಡು ವಾಪಸ್ ಕೊಡ್ತೀನಿ. ನಮ್ಮವರಿಗೂ ಒಂದು ಕಟ್ಟತೀನಿ."

ನಮ್ಮವರು ಒಳಗಿನಿಂದ ಕೇಳಿಸಿಕೊಂಡರು. "ಬಿಚ್ಚಂಗಿಲ್ಲ. ಬಿಚ್ಚಿದ್ರ ಅದರ ಶಕ್ತಿ ಹೋಗ್ತೈತಿ."

"ಅಗದಿ ಜುಗ್ಗ ಅದೀಯಪಾ ಬೀರಣ್ಣಾ," ಎಂದು ರಹೀಮಾಬಿ ಬೈದು ಹೋದಳು.

ಆಕೆ ಅವತ್ತು ಹಟ ಹಿಡಿದಿದ್ದರೆ ಮಾಸ್ತರ ಓದಿ ಹೇಳುತ್ತಿದ್ದರು. ಇವರು ಬದುಕುತ್ತಿದ್ದರು. ಆಕೆ ಹಟ ಹಿಡಿಯಲಿಲ್ಲ. ನಾನೂ ಹಿಡಿಯಲಿಲ್ಲ.

ಎಂಬತ್ತಾರು. ಜೋಳದ ರಾಶಿ ಮುಗಿದು ಪೇಟೆಗೆ ಬಂದ ಕಾಲ. ದಿನಾ ಹೊಟ್ಟಿನ ಧೂಳು. ಇವರಿಗೆ ಕೆಮ್ಮು ಹತ್ತಿತು. ಆಮೇಲೆ ಜ್ವರ. ಮೈಕೈ ನೋವು. ಬೆಲ್ಲ, ಮೆಣಸು, ಕಷಾಯ ಮಾಡಿ ಕೊಟ್ಟೆ. ಕಡಿಮೆ ಆಗುವುದರಲ್ಲಿತ್ತು. ಫಕೀರವ್ವ ಬಂದಳು.

"ಏನ ಬೇ, ತಮ್ಮನ್ನ ಕಷಾಯದಾಗ ಅದ್ದಿ ಇಟ್ಟೀಯಲ್ಲ. ಒಂದು ಸೂಜಿ ಮಾಡಿಸಿದ್ರ ನಾಳೆ ಎದ್ದು ಚೀಲಾ ಹೊಲೀತಾನ."

"ಇಳಿಯಾಕ ಹತ್ತೇತಕ್ಕಾ."

"ಇಳೀತೈತಿ, ಇಳೀತೈತಿ. ಗುಳಿಗಿ ಕೊಡಾವ ಡಾಕ್ಟರಲ್ಲ, ಕಷಾಯ ಕೊಡಾಕಿ ಹೇಣ್ತಿ ಅಲ್ಲ."

ಆಕೆಯೊಬ್ಬಳೇ ಅಲ್ಲ. ನಮ್ಮ ಕಡೆ ಎಲ್ಲರ ಮಾತೂ ಅದೇ. ಸೂಜಿ ಮಾಡದವನು ಡಾಕ್ಟರನೇ ಅಲ್ಲ. ಎರಡು ಸೂಜಿ ಮಾಡಿದವನು ಒಂದು ಮಾಡಿದವನಿಗಿಂತ ದೊಡ್ಡ ಡಾಕ್ಟರ. ಬಿಳಿ ಔಷಧದ ಸೂಜಿ ಎಲ್ಲಕ್ಕಿಂತ ಕಡಕ್ಕು. ನಾನೂ ಹಾಗೇ ನಂಬಿದವಳು. ಫಕೀರವ್ವನ ಬಾಯಿಗೆ ಹೆದರಿ ರೈಲು ಹತ್ತಿಸಿದೆ. ಎರಡು ಸ್ಟೇಶನ್ ಆಚೆ ಒಂದು ದೊಡ್ಡ ದವಾಖಾನೆ. ಅದರ ಹೆಸರು ನಾನು ಬರೆಯುವುದಿಲ್ಲ. ಹೆಸರು ಬರೆಯುವಷ್ಟು ಮರ್ಯಾದೆ ಅದಕ್ಕೆ ಬೇಡ.

ಬಾಗಿಲಲ್ಲಿ ಒಬ್ಬ ಕಾರಕೂನ ಕೂತಿದ್ದ.

"ಹೆಸರು?"

ನಾನು ನಮ್ಮವರ ಕಡೆ ನೋಡಿದೆ. ನಮ್ಮವರು ಗೋಡೆಗೆ ಒರಗಿ ಕೆಮ್ಮುತ್ತಿದ್ದರು.

"ಪೇಶಂಟನ ಹೆಸರವಾ. ಕಿವಿ ಕೇಳಂಗಿಲ್ಲೇನು?"

ಹಿಂದೆ ನಿಂತವಳು ಹೇಳಿದಳು. "ಗಂಡ ಇರಬೇಕ್ರಿ. ಹೆಂಗ ಹೇಳ್ತಾಳ ಪಾಪ."

"ಹಂಗಾದ್ರ ನಾ ಏನಂತ ಬರೀಲಿ? ಇಕೀ ಗಂಡ ಅಂತ ಬರೀಲೇನು?"

ಸಾಲಿನವರೆಲ್ಲ ನಕ್ಕರು. ಕೊನೆಗೆ ನಮ್ಮವರೇ ಕೆಮ್ಮಿನ ನಡುವೆ ಹೇಳಿದರು. ಹೆಸರು ಕೇಳಿದರು. ಊರು ಕೇಳಿದರು. ಜಾತಿ ಕೇಳಿದರು. ಹೊಲ ಐತೇನು ಕೇಳಿದರು. ಮೊದಲು ಎಂದಾದರೂ ಸೂಜಿ ಮಾಡಿಸಿದಾಗ ಏನಾದರೂ ಆಗಿತ್ತೇನು ಎಂದು ಮಾತ್ರ ಕೇಳಲಿಲ್ಲ. ಆ ಕಾರಕೂನನೂ ಕೇಳಲಿಲ್ಲ. ದೊಡ್ಡ ಡಾಕ್ಟರನೂ ಕೇಳಲಿಲ್ಲ. ದೊಡ್ಡ ಡಾಕ್ಟರ ಎದೆಗೆ ಕೊಳವೆ ಹಚ್ಚಿ ಅರ್ಧ ನಿಮಿಷ ನೋಡಿದ. ತೋಳಿನ ಕಡೆ ಕಣ್ಣು ಹೋಯಿತು.

"ಎರಡೆರಡು ತಾಯತಾ ಕಟ್ಟಗೊಂಡು ಬಂದಾರ. ಮೊದಲ ಅಲ್ಲೆ ಹೋಗೂದು, ಎಲ್ಲಾ ಮುಗದ ಮ್ಯಾಲ ಇಲ್ಲೆ ಬರೂದು."

ಅದರಾಗ ಒಂದು ತಾಯತ ಅಲ್ಲರಿ, ನಿಮ್ಮವರೇ ಕೊಟ್ಟ ಚೀಟಿ ಎಂದು ಹೇಳಬೇಕಿತ್ತು. ನಾಲಿಗೆಯ ಮೇಲಿತ್ತು. ಬೈಯುವವನ ಮುಂದೆ ಏನು ಹೇಳುವುದು ಎಂದು ಬಿಟ್ಟೆ. ಹೇಳುವ ಗರಜೂ ಕಾಣಲಿಲ್ಲ. ಚೀಟಿ ಮೈಮೇಲೆ ಇತ್ತಲ್ಲ. ಅದು ಅದರ ಕೆಲಸ ಮಾಡುತ್ತದೆ ಎಂದುಕೊಂಡೆ.

ಹನ್ನೆರಡು ಕಾಟಿನ ದೊಡ್ಡ ಖೋಲಿಯಲ್ಲಿ ಒಂದು ಕಾಟು ಕೊಟ್ಟರು. ಮರುದಿನ ಮುಂಜಾನೆ, ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸರ್ ಹನಮಂತಪ್ಪ ತಾಟು ಹಿಡಿದುಕೊಂಡು ಬಂದ. ತಾಟಿನಲ್ಲಿ ಕುದಿಸಿದ ಸೂಜಿಗಳು, ರಬ್ಬರಿನ ಬೂಚಿನ ಸಣ್ಣ ಸೀಸೆಗಳು. ಸೀಸೆಯೊಳಗೆ ಬಿಳಿ ಪುಡಿ. ನೀರು ಬಿಟ್ಟು ಅಲುಗಾಡಿಸಿದರೆ ಹಾಲಿನ ಹಾಗೆ.

ಮೊದಲನೆಯ ಕಾಟಿನಲ್ಲಿ ಕಾಲು ಮುರಿದ ಮುದುಕಿ. ಆಕೆಗೆ ಅದೇ ಹಾಲು. ಎರಡನೆಯವನಿಗೆ ಹೊಟ್ಟೆ ಜಾಡಿಸುತ್ತಿತ್ತು. ಅವನಿಗೂ ಅದೇ. ಮೂರನೆಯವಳು ಹೆತ್ತು ನಾಲ್ಕು ದಿನದವಳು. ಅದೇ. ಆಚೆ ಕಣ್ಣುಬೇನೆಯವನು. ಅದೇ. ಹನಮಂತಪ್ಪನಿಗೆ ಯಾರ ಮುಖವೂ ಬೇಕಿರಲಿಲ್ಲ. ಕುಂಡಿ ಕಂಡರೆ ಸಾಕು. ಹೊಲದಲ್ಲಿ ಸಾಲು ಹಿಡಿದು ಬೀಜ ಬಿತ್ತಿದ ಹಾಗೆ ಬಂದ. ಬಿತ್ತುವವನಾದರೂ ಯಾವ ಹೊಲ ಎಂದು ನೋಡುತ್ತಾನೆ. ಇವನು ಅದನ್ನೂ ನೋಡಲಿಲ್ಲ.

ಬಾಜೂ ಕಾಟಿನವಳು ನನ್ನನ್ನು ಕೇಳಿದಳು. "ನಿಮ್ಮವರಿಗೆ ಸೂಜಿ ಅಂದ್ರ ಹೆದರಿಕಿ ಐತೇನವಾ?"

"ಮೊದಲ ಇತ್ತು. ಈಗ ಚೀಟಿ ಐತಿ," ಎಂದೆ. ಜಂಬದಿಂದ ಹೇಳಿದೆ.

ನಮ್ಮವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ರಾತ್ರಿ ಕೆಮ್ಮಿ ಬೆಳಗಿನ ಜಾವಕ್ಕೆ ಕಣ್ಣು ಹತ್ತಿತ್ತು. ಹನಮಂತಪ್ಪ ಎಬ್ಬಿಸಲಿಲ್ಲ. ಧೋತರ ಸರಿಸಿ ಚುಚ್ಚಿ ಮುಂದಿನ ಕಾಟಿಗೆ ಹೋದ. ನಾನು ನೋಡುತ್ತ ಕೂತಿದ್ದೆ.

ಅವರು ಎಚ್ಚರಾದರು. "ಏನದು?"

"ಸೂಜಿರಿ."

ಅವರ ಕೈ ತೋಳಿಗೆ ಹೋಯಿತು. ತೊಗಲನ್ನು ಮುಟ್ಟಿ ನೋಡಿದರು. "ಐತಿ," ಎಂದರು. ಮತ್ತೆ ಕಣ್ಣು ಮುಚ್ಚಿದರು.

ನಾನು ಚಹಾ ತರಲು ಲೋಟ ತೆಗೆದುಕೊಂಡು ಎದ್ದಿದ್ದೆ. ಅವರು ಅಂಗೈ ಕೆರೆದುಕೊಂಡರು. ಆಮೇಲೆ ಕುತ್ತಿಗೆ. "ಮೈಲಾರಿ, ನಾಲಿಗಿ ದಪ್ಪ ಆತ ನೋಡ," ಎಂದರು. ಆ ಮಾತೇ ದಪ್ಪವಾಗಿತ್ತು. ತುಟಿ ನೋಡಿದೆ. ಐದು ವರ್ಷದ ಹಿಂದಿನ ತುಟಿ.

ನಾನು ಕೂಗಿದೆ. ಹನಮಂತಪ್ಪ ಮೂರು ಕಾಟು ಆಚೆ ಇದ್ದ. ತಿರುಗಿ ನೋಡಿದ.

"ಕಡಕ್ ಸೂಜಿ ಐತಿ. ಒಂದೀಟು ಕಡೀತೈತಿ. ಸುಮ್ನಿರು, ಮಂದಿ ಮಕ್ಕೊಂಡಾರ."

ಓಡಿಹೋಗಿ ಅವನ ತಾಟು ಹಿಡಿದು ಎಳೆದೆ. ಸೀಸೆ ನೆಲಕ್ಕೆ ಬಿದ್ದು ಒಡೆದವು. ಆಗ ಬಂದ. ಬಂದು ನೋಡಿ ಅವನ ಮುಖ ಬೂದಿಯಾಯಿತು. ಡಾಕ್ಟರನ ಮನೆಗೆ ಓಡಿದ. ಡಾಕ್ಟರ ನಾಷ್ಟಾಕ್ಕೆ ಕೂತಿದ್ದನಂತೆ. ಕೈತೊಳೆದು ಬಂದ. ಇವರು ಎರಡೂ ಕೈಯಿಂದ ತೋಳಿನ ಚೀಟಿ ಹಿಡಿದುಕೊಂಡಿದ್ದರು. ಎದೆಗೆ ಗಾಳಿ ಹೋಗುತ್ತಿರಲಿಲ್ಲ. ಡಾಕ್ಟರ ಬೇರೆ ಸೂಜಿ ತುಂಬುವಷ್ಟರಲ್ಲಿ ಕೈ ಸಡಿಲಾದವು.

ನಮ್ಮಲ್ಲಿ ಮಣ್ಣು ಮಾಡುವ ಮೊದಲು ಮೈಮೇಲಿನದೆಲ್ಲ ತೆಗೆಯುತ್ತಾರೆ. ಉಡದಾರ ತೆಗೆದರು. ಯಮನೂರಿನ ತಾಯತ ತೆಗೆದರು. ಚೀಟಿಗೆ ಕೈಹಾಕಿದಾಗ ಫಕೀರವ್ವ ತಡೆದಳು.

"ಇರ್ಲಿ ಬಿಡ್ರಿ. ಜೀವಾ ಕಾಯೂದು ಅಂತಿದ್ದ. ಜೋಡಿ ಹೋಗ್ಲಿ."

"ಏನ್ ಕಾಯ್ತಕ್ಕಾ?" ಎಂದೆ. ಕರಿದಾರವನ್ನು ಹಲ್ಲಿನಿಂದ ಕಡಿದು ತೆಗೆದುಕೊಂಡೆ.

ಮೂರನೆಯ ದಿನ ಕಾಗೆಗೆ ಕೂಳು ಇಟ್ಟ ಮೇಲೆ ಅದನ್ನು ಬಿಚ್ಚಲು ಕೂತೆ. ಬಿಚ್ಚಲಾಗಲಿಲ್ಲ. ಕುಡುಗೋಲು ಹಚ್ಚಿದೆ. ಜಾರಿತು. ಅಬ್ದುಲಮಜೀದ ಬಂದು ನಮ್ಮವರದೇ ದಬ್ಬಣ ತೆಗೆದುಕೊಂಡು ಒಂದೊಂದೇ ಹೊಲಿಗೆ ಎತ್ತಿದ. ಬಹಳ ಹೊತ್ತು ಹಿಡಿಯಿತು. ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಬಾಯಿ ಬೈಯುತ್ತಿತ್ತು. "ಹಡಸಿಮಗನ, ಏನ್ ಹೊಲದೀಯಲೇ."

ಚೀಟಿ ಒಣಗಿತ್ತು. ಐದು ವರ್ಷದ ಬೆವರು ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಶಿಕ್ಕಾ ಸಹ ಹೊಸದರ ಹಾಗಿತ್ತು.

ಸಾಲಿ ಮಾಸ್ತರ ಈರಬಸಪ್ಪನವರು ಓದಿದರು. ಮೊದಲು ಮನಸ್ಸಿನಲ್ಲೇ ಓದಿಕೊಂಡರು. "ಹೇಳ್ರಿ," ಎಂದೆ.

"ಈತಗ ಪೆನ್ಸಿಲಿನ್ ಕೊಡಬಾರದು. ಕೊಟ್ಟರ ಜೀವಕ್ಕ ಅಪಾಯ ಐತಿ, ಅಂತ ಬರದಾರವಾ."

"ಮತ್ತ?"

"ಕೆಳಗ ಇನ್ನೊಂದು ಸಾಲು ಐತಿ. ಅಡಿಗೆರೆ ಎಳದಾರ. ಯಾವುದೇ ಸೂಜಿ ಮಾಡಿಸೋ ಮೊದಲ ಈ ಚೀಟಿ ಡಾಕ್ಟರಿಗೆ ತೋರಸ್ರಿ, ಅಂತ."

ಅದೇ ಆ ಡಾಕ್ಟರಬಾಯಿ ಹೇಳಿದ ಕೊನೆಯ ಮಾತು. ನನ್ನ ಕಿವಿಗೆ ಬೀಳದ ಮಾತು. ತೋರಿಸಬೇಕಾದದ್ದನ್ನು ನಾವು ಹೊಲಿದು ಇಟ್ಟಿದ್ದೆವು.

ಹದಿಮೂರನೆಯ ದಿನ ಆದಮೇಲೆ ಅಬ್ದುಲಮಜೀದನನ್ನು ಕರೆದುಕೊಂಡು ಆ ದವಾಖಾನೆಗೆ ಹೋದೆ. ಡಾಕ್ಟರನ ಮೇಜಿನ ಮೇಲೆ ಚೀಟಿ ಇಟ್ಟು ಅದರ ಮೇಲೆ ಕೈ ಇಟ್ಟುಕೊಂಡೆ. ಎತ್ತಿಕೊಳ್ಳಲು ಬಿಡಲಿಲ್ಲ. ಅವನು ಬಗ್ಗಿ ಓದಿದ.

"ಇದನ್ನ ತೋರಸಬೇಕಿತ್ತವಾ."

"ನೀವು ಕೇಳಬೇಕಿತ್ತರಿ."

"ದಿನಾ ನೂರು ಮಂದಿ ಬರ್ತಾರ. ಎಲ್ಲಾರ ತೋಳಿನ್ಯಾಗೂ ತಾಯತಾ ಇರ್ತಾವ. ಒಂದೊಂದು ಬಿಚ್ಚಿ ನೋಡ್ಲೇನು?"

"ಬಿಚ್ಚಬ್ಯಾಡ್ರಿ. ಬಾಯಿಲೆ ಕೇಳ್ರಿ. ಜಾತಿ ಕೇಳಾಕ ನಿಮಗ ಹೊತ್ತ ಐತಿ."

ಅವನು ಕನ್ನಡಕ ತೆಗೆದ. ಅಬ್ದುಲಮಜೀದ ನನ್ನ ಸೆರಗು ಜಗ್ಗಿದ. ನಾನು ಬಿಡಲಿಲ್ಲ.

"ನಮ್ಮವರಿಗೆ ಏನಾಗಿತ್ತರಿ?"

"ಕೆಮ್ಮು. ಜ್ವರ."

"ಅದಕ್ಕ ಆ ಹಾಲಿನ ಸೂಜಿ ಬೇಕಿತ್ತೇನ್ರಿ?"

"ನಂಜು ಆಗಬಾರದಂತ ಮುಂಜಾಗ್ರತಿ ಕೊಡ್ತೀವಿ."

"ಕಾಲ ಮುರದಾಕಿಗೂ ನಂಜು, ಹೊಟ್ಟಿ ಜಾಡಸಾವಗೂ ನಂಜು, ಎಲ್ಲಾರಿಗೂ ಒಂದ ಸೀಸೆದ ನಂಜೇನ್ರಿ? ಸಣ್ಣ ದವಾಖಾನಿ ಡಾಕ್ಟರಬಾಯಿ ಒಂದ ಹನಿ ಬಿಟ್ಟು ಎರಡ ತಾಸು ಕುಂತಿದ್ದರು. ನಿಮಗ ಒಂದ ಹನಿ ಬಿಟ್ಟು ನೋಡಾಕ ಏನಾಗಿತ್ತು?"

ಆಗ ಅವನಿಗೆ ಸಿಟ್ಟು ಬಂತು. "ಸೂಜಿ ಮಾಡದಿದ್ರ ಬೈಯಾವ್ರು ನೀವ. ಬರೇ ಗುಳಿಗಿ ಕೊಟ್ಟರ ಮರುದಿನಾ ಬಾಜೂ ದವಾಖಾನಿಗೆ ಹೋಗ್ತೀರಿ. ಸೂಜಿ ಮಾಡ್ರಿ, ಸೂಜಿ ಮಾಡ್ರಿ ಅಂತ ಜೀವಾ ತಿಂತೀರಿ. ಹೌದೋ ಅಲ್ಲೋ?"

"ಹೌದ್ರಿ," ಎಂದೆ. ಹೌದೇ. ಆದರೆ ಅವನು ಓದಿದವನು. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ನಾನು ಕೇಳಿದ್ದನ್ನೆಲ್ಲ ಕೊಡುವುದಕ್ಕೆ ಅವನು ಅಷ್ಟು ಓದಬೇಕಿತ್ತೇನು.

"ಚೀಟಿ ಇಲ್ಲೆ ಬಿಟ್ಟು ಹೋಗು. ಕಾಗದಪತ್ರದಾಗ ಹಚ್ಚತೀವಿ," ಎಂದ.

"ಹಚ್ಚಬ್ಯಾಡ್ರಿ," ಎಂದೆ. ಕುಪ್ಪಸದಲ್ಲಿ ಇಟ್ಟುಕೊಂಡು ಬಂದೆ.

ಮುಂದಿನ ಸಂತೆಯ ದಿನ ಮತ್ತೆ ರೈಲು ಹತ್ತಿದೆ. ಸಂತೆಯ ದಿನ ಅಲ್ಲಿ ಸಾಲು ಬಹಳ. ಸೂಜಿ ಖೋಲಿಯ ಬಾಗಿಲಿನ ಬಾಜೂ ಕಟ್ಟೆ ಇದೆ. ಅದರ ಮೇಲೆ ಕೂತೆ. ಬಂದವರನ್ನೆಲ್ಲ ಕೇಳಿದೆ. ಮೊದಲು ಸೂಜಿ ಮಾಡಿಸಿದಾಗ ಮೈ ಕಡಿದಿತ್ತೇನು, ತುಟಿ ಬಾತಿತ್ತೇನು, ದಮ್ಮು ಹತ್ತಿತ್ತೇನು. ಕೆಲವರು ಹೇಳಿದರು. ಕೆಲವರು ಬೈದರು. ತಲೆ ಕೆಟ್ಟವಳು ಎಂದು ಒಬ್ಬಳು ಮಗುವನ್ನು ಆಚೆ ಮಗ್ಗುಲಿಗೆ ಎತ್ತಿಕೊಂಡಳು. ಹನಮಂತಪ್ಪ ಎರಡು ಸಲ ಗೇಟಿನ ಆಚೆ ಹಾಕಿಸಿದ. ಎರಡು ಸಲವೂ ತಿರುಗಿ ಬಂದು ಕೂತೆ. "ಬಂದ್ಳಪಾ ತಾಯತದಾಕಿ," ಎನ್ನುತ್ತಾನೆ. ಎನ್ನಲಿ. ನಾನು ಅವನನ್ನು ಏನೆನ್ನುತ್ತೇನೆ ಎಂದು ಅವನ ಮುಂದೆಯೇ ಹೇಳಿದ್ದೇನೆ. ಇಲ್ಲಿ ಬರೆಯುವುದಿಲ್ಲ.

ನಾಲ್ಕನೆಯ ಸಂತೆಗೆ ಯಮನೂರಿನ ಗೌಸಬಿ ಎಂಬಾಕೆ ಸಿಕ್ಕಳು. ಗಂಟಲು ನೋವು ಎಂದು ಬಂದಿದ್ದಳು.

"ಹೋದ ವರ್ಷ ಹುಣ್ಣಿಗೆ ಬಿಳಿ ಸೂಜಿ ಮಾಡಿದ್ರು," ಎಂದಳು. "ಮೈತುಂಬ ದದ್ದು ಎದ್ದು ಬಾಯಿ ಬಾತಿತ್ತು. ದರಗಾದ ನೀರು ಕುಡಿದು ಕಡಿಮಿ ಆತು."

"ಇದನ್ನ ಒಳಗ ಹೇಳಿದಿಯೇನು?"

"ಯಾರ ಕೇಳಿದ್ರು?"

ಕೈಹಿಡಿದು ಒಳಗೆ ಎಳೆದುಕೊಂಡು ಹೋದೆ. ಹನಮಂತಪ್ಪ ಸೂಜಿ ತುಂಬಿ ಹಿಡಿದಿದ್ದ. "ಹೇಳು," ಎಂದೆ. ಗೌಸಬಿ ಹೇಳಿದಳು. ಅವನು ಸೂಜಿಯನ್ನು ನೋಡಿದ. ತಾಟಿನಲ್ಲಿಟ್ಟ. ನನ್ನ ಮುಖ ನೋಡಲಿಲ್ಲ. ಡಾಕ್ಟರನ ಖೋಲಿಗೆ ಹೋಗಿ ಬಂದು ಆಕೆಯ ಕೈಯಲ್ಲಿ ಒಂದು ಪೊಟ್ಟಣ ಗುಳಿಗೆ ಇಟ್ಟ.

ಹೊರಗೆ ಬಂದ ಗೌಸಬಿ ನನ್ನ ಮೇಲೆ ಎಗರಿದಳು. "ಎಂಥಾಕಿ ಅದೀಯವಾ ನೀನು? ಆರು ಹರದಾರಿ ದೂರದಿಂದ ಬಂದೀನಿ. ಸೂಜಿ ತಪ್ಪಿಸಿದಿ. ಈ ಗುಳಿಗಿಲೆ ಆರಾಮ ಆಗ್ತೈತೇನು?"

ಬೈಯುತ್ತಲೇ ಗೇಟಿನವರೆಗೆ ಹೋದಳು. ಬೈಯಲಿ. ತನ್ನ ಕಾಲಿನ ಮೇಲೆ ನಡೆದುಕೊಂಡು ಹೋದಳು.

ಅದರ ಮುಂದಿನ ಸಂತೆಗೆ ನಾನು ಹೋಗುವಷ್ಟರಲ್ಲಿ ಸಾಲು ಶುರುವಾಗಿತ್ತು. ಕಟ್ಟೆಯ ಮೇಲೆ ಕೂತೆ. ಬಾಗಿಲು ತೆರೆದಿತ್ತು. ಹನಮಂತಪ್ಪ ನನ್ನನ್ನು ನೋಡಿದ. ಮುಂದೆ ನಿಂತವನಿಗೆ, "ಮೊದಲ ಸೂಜಿ ಮಾಡಿಸಿದಾಗ ಏನರ ಆಗಿತ್ತೇನು?" ಎಂದು ಕೇಳಿದ. ಉರಿಗಣ್ಣಿನಿಂದ ಕೇಳಿದ. ಅವನಾದ ಮೇಲೆ ಬಂದವನಿಗೆ ಕೇಳದೆ ಸೂಜಿ ಎತ್ತಿದ.

ನಾನು ಕೆಮ್ಮಿದೆ.

ಕೇಳಿದ.